ಏರಿ ಕಾಯುವ ಸಾಮಂತ

ವರ್ಷಕ್ಕೊಮ್ಮೆ ಮನೆಗೆ ಬರುವ ವಾಟರ್‌ಸ್ಖಾಪ್ ತೆರಿಗೆ ಚೀಟಿಯನ್ನು ನಲ್ಲಿ ನೀರಿನ ಬಿಲ್ ಅಂದುಕೊಂಡವರಲ್ಲಿ ನಾನೂ ಒಬ್ಬ. ನಲ್ಲಿಗೂ ಅದಕ್ಕೂ ನಂಟಿಲ್ಲ. ವಾಟರ್‌ಸ್ಖಾಪ್ ಎಂದರೆ ಏರಿ, ಕಾಲುವೆ, ಪಂಪುಗಳನ್ನು ನೋಡಿಕೊಳ್ಳುವ ಮಂಡಳಿ. ನಾವಿರುವ ನೆದರ್‌ಲ್ಯಾಂಡ್ಸ್‌ನಲ್ಲಿ ಇಂಥವು 21 ಇವೆ. ಅದರ ಮುಖ್ಯಸ್ಥರಿಗೆ ಹೆಚ್ಚಿನ ಕಡೆ ‘ಡೈಕ್‌ಗ್ರಾಫ್’ ಅನ್ನುತ್ತಾರೆ.

‘ಡೈಕ್’ ಎಂದರೆ ನಮ್ಮ ಕೆರೆ ಏರಿಯಂಥ ಏರಿ. ‘ಗ್ರಾಫ್’ ಎಂದರೆ ಸಾಮಂತ. ಅಗೆಯುವುದಕ್ಕೆ ಡಚ್ಚರು ‘ಗ್ರಾವನ್’ ಎನ್ನುವುದರಿಂದ, ಮಣ್ಣು ಅಗೆಯುವವನೇ ಗ್ರಾಫ್ ಇರಬೇಕೆಂದು ನಾನು ಬಹಳ ದಿನ ನಂಬಿದ್ದೆ. ಲೈಡನ್ ನಗರದ ಸುತ್ತಲಿನ ರೈನ್‌ಲ್ಯಾಂಡ್ ಮಂಡಳಿಯ ಉಲ್ಲೇಖ 1255ರಷ್ಟು ಹಿಂದೆಯೇ ಸಿಗುತ್ತದೆ. ಸೋಮನಾಥಪುರದ ಕೇಶವ ದೇವಾಲಯಕ್ಕಿಂತ ಮೂರು ವರ್ಷ ಹಳೆಯದು!

ಆ ಕಾಲದಲ್ಲಿ ಏರಿಯ ಪಕ್ಕ ಜಮೀನಿದ್ದವನು ತನ್ನ ಪಾಲಿನ ಏರಿಯನ್ನು ತಾನೇ ದುರಸ್ತಿ ಮಾಡಬೇಕಿತ್ತು. ಡೈಕ್‌ಗ್ರಾಫ್ ತಪಾಸಣೆಗೆ ಬರುತ್ತಿದ್ದ, ತಪ್ಪಿದವನಿಗೆ ದಂಡ ಬೀಳುತ್ತಿತ್ತು. ಇನ್ನು ಕೈಲಾಗದು ಅನ್ನಿಸಿದ ರೈತ ತನ್ನ ಸನಿಕೆಯನ್ನು ಏರಿಯಲ್ಲಿ ನೆಟ್ಟು ಹೊರಟುಬಿಡುತ್ತಿದ್ದ. ಅದನ್ನು ಕಿತ್ತವನಿಗೆ ಜಮೀನೂ ಸೇರಿತು, ಏರಿಯ ಹೊರೆಯೂ ಸೇರಿತು. ‘ಏರಿ ಕಟ್ಟದವ ಜಾಗ ಬಿಡಲಿ’ ಎಂಬ ಡಚ್ ಗಾದೆ ಹುಟ್ಟಿದ್ದು ಇಂಥ ಕಟ್ಟಳೆಯ ನೆಲದಲ್ಲಿ.

ಓದುತ್ತಾ ಕೋಲಾರದ ಕಡೆಯ ನೀರುಗಂಟಿ ನೆನಪಾದ. ತೂಬು ಎತ್ತಿ, ಗದ್ದೆಗದ್ದೆಗೆ ಸರದಿಯಂತೆ ನೀರು ಬಿಟ್ಟು, ಸುಗ್ಗಿಯಲ್ಲಿ ಕಾಳು ಪಡೆಯುತ್ತಿದ್ದವನು. ಒಬ್ಬ ನೀರು ಒಳಗೆ ಬಾರದಂತೆ ಕಾಯುವವ, ಇನ್ನೊಬ್ಬ ಬಂದ ನೀರು ಪೋಲಾಗದಂತೆ ಕಾಯುವವ. ಆದರೆ ಇಲ್ಲಿಯವನಿಗೆ ಸಾಮಂತನ ಬಿರುದು. ನಮ್ಮ ನೀರುಗಂಟಿ ಹೆಚ್ಚಾಗಿ ದಲಿತರ ಕೇರಿಯವನು. ಈ ವ್ಯತ್ಯಾಸ ನನಗೆ ಇನ್ನೂ ಚುಚ್ಚುತ್ತದೆ.

ಇದೆಲ್ಲ ಹಳೆಯ ಕತೆ ಎಂದು ಬಿಡುವಂತಿಲ್ಲ. ನಾವು ಬಂದಿಳಿಯುವ ಸ್ಖಿಪೋಲ್ ವಿಮಾನ ನಿಲ್ದಾಣ 1852ರಲ್ಲಿ ಬರಿದು ಮಾಡಿದ ಸರೋವರದ ತಳದಲ್ಲಿದೆ, ಸಮುದ್ರಮಟ್ಟಕ್ಕಿಂತ ಸುಮಾರು 4 ಮೀಟರ್ ಕೆಳಗೆ. ಅಲ್ಲಿ ಪಂಪುಗಳಿಗೆ ರಜೆಯಿಲ್ಲ.

ಡೈಕ್‌ಗ್ರಾಫ್‌ರನ್ನು 6 ವರ್ಷಕ್ಕೆ ನೇಮಿಸುವುದು ಅರಸೊತ್ತಿಗೆ. ಮಂಡಳಿಯ ಸದಸ್ಯರಲ್ಲಿ ಹೆಚ್ಚಿನವರನ್ನು ಆರಿಸುವುದು ಮಾತ್ರ ನಾವು. ಡಚ್ ಪಾಸ್‌ಪೋರ್ಟ್ ಇಲ್ಲದಿದ್ದರೂ, ಕಾನೂನುಬದ್ಧವಾಗಿ ಇಲ್ಲಿ ನೆಲೆಸಿರುವ, 18 ತುಂಬಿದ ಎಲ್ಲರಿಗೂ ಮತವಿದೆ. ಕಳೆದ ಚುನಾವಣೆ 2023ರ ಮಾರ್ಚ್‌ನಲ್ಲಿ ಆಯಿತು, ಮುಂದಿನದು 2027ಕ್ಕೆ. ಆಗ ಬರುವ ಲಕೋಟೆಯನ್ನು ಜಾಹೀರಾತೆಂದು ಹಳೇ ಕಾಗದದ ಡಬ್ಬಕ್ಕೆ ಎಸೆಯಬೇಡಿ. ಹೋದ ಸಲ ನಾನು ಎಸೆದಿದ್ದೆ.