ನೆಲಕ್ಕೊಪ್ಪುವ ಮಸೀದಿ

ಮಾನ್ಯ ಸಂಪಾದಕರೆ,

ಗದಗ ಸೀಮೆಯಲ್ಲಿ ಹೊಸ ಮಸೀದಿಗಳು (ಗುಡಿಗಳೂ ಅಷ್ಟೆ) ಒಂದೇ ಅಚ್ಚಿನ ಕಾಂಕ್ರೀಟ್ ಕಟ್ಟಡಗಳಾಗುತ್ತಿರುವುದನ್ನು ಕಂಡಾಗಲೆಲ್ಲ, ಬಾಂಗ್ಲಾದೇಶದ ವಾಸ್ತುಶಿಲ್ಪಿ ಮರೀನಾ ತಬಸ್ಸುಮ್ ಢಾಕಾದಲ್ಲಿ ರೂಪಿಸಿದ ಬೈತ್ ಉರ್ ರೌಫ್ ಮಸೀದಿ ನೆನಪಾಗುತ್ತದೆ. 2016ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಪಡೆದ ಈ ಮಸೀದಿಗೆ ಗುಮ್ಮಟವಿಲ್ಲ, ಮಿನಾರೂ ಇಲ್ಲ. ಅವರ ಅಜ್ಜಿ ದಾನವಿತ್ತ ಜಾಗದಲ್ಲಿ, ಬಂಗಾಳದ ಹಳೆಯ ಮಸೀದಿಗಳ ಇಟ್ಟಿಗೆ ಪರಂಪರೆಯನ್ನು ನೆನಪಿಸುವಂತೆ ಎದ್ದಿರುವ ಅದರ ಜಾಲರಿ ಗೋಡೆಗಳು ಗಾಳಿಯನ್ನು ಒಳಬಿಡುತ್ತವೆ, ಚಾವಣಿಯ ದುಂಡು ಕಿಂಡಿಗಳು ಪ್ರಾರ್ಥನೆಯ ನೆಲದ ಮೇಲೆ ಬೆಳಕು ಚೆಲ್ಲುತ್ತವೆ. ನಮ್ಮ ಮಣ್ಣಿನ ಮಾಳಿಗೆ ಮನೆಗಳ ಬೆಳಕಿಂಡಿ ಮಾಡುತ್ತಿದ್ದುದೂ ಇದೇ ಕೆಲಸವನ್ನು. ದಪ್ಪ ಗೋಡೆಗಳ ಆ ಮನೆಗಳಲ್ಲಿ ಬೇಸಿಗೆಯ ಮಧ್ಯಾಹ್ನವೂ ತಂಪಾಗಿರುತ್ತಿತ್ತು. ಮಸೀದಿ ಕಮಿಟಿಗಳು ನಕ್ಷೆಗೆ ಒಪ್ಪಿಗೆ ಕೊಡುವ ಮುನ್ನ ಊರಿನ ಹಿರಿಯ ಗೌಂಡಿಗಳನ್ನು ಕರೆಸಿ ಮಾತಾಡಬೇಕೆಂದು ಕಳಕಳಿಯಿಂದ ಕೋರುತ್ತೇನೆ.

– ಓರ್ವ ಓದುಗ, ಗದಗ