ಟೆಕ್ಸಾಸ್‌ನಲ್ಲಿ ಚುನಾವಣೆಗೆ ನಿಂತ ಗೆಳೆಯನಿಗೆ

ಪ್ರಿಯ ಗೆಳೆಯ,

ನೀನು ಚುನಾವಣೆಗೆ ನಿಂತಿರುವ ಸುದ್ದಿ ಮೊದಲು ಬಂದದ್ದು ನಿನ್ನ ತಂಗಿಯಿಂದ. ನಾನು ನಂಬಲಿಲ್ಲ. ಹಾಸ್ಟೆಲ್ಲಿನಲ್ಲಿ ಮೆಸ್ ಕಾರ್ಯದರ್ಶಿ ಸ್ಥಾನಕ್ಕೆ ನಿಲ್ಲು ಎಂದು ಎಲ್ಲರೂ ದುಂಬಾಲು ಬಿದ್ದಾಗ ಬಾಗಿಲಿಗೆ ಚಿಲಕ ಹಾಕಿಕೊಂಡು ಮುಸುಕೆಳೆದು ಮಲಗಿದ್ದವನು ನೀನು. ಈಗ 750 ಡಾಲರ್ ಕಟ್ಟಿ, ಟೆಕ್ಸಾಸ್ ಶಾಸನಸಭೆಯ ಕೆಳಮನೆಗೆ ರಿಪಬ್ಲಿಕನ್ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವ ಸುತ್ತಿನಲ್ಲಿ, ಉಮೇದುವಾರನಾಗಿದ್ದೀಯೆ! ಮೊನ್ನೆ ಫೋನಿನಲ್ಲಿ ತಮಾಷೆಗೆ ದೇಣಿಗೆ ಕೇಳಿದೆಯಲ್ಲ, ನಾನು ಅದನ್ನು ತಮಾಷೆಗೆ ಬಿಡದೆ ವಿಚಾರಿಸಿದೆ. ನಿಮ್ಮ ದೇಶದ ಕಾನೂನಿನಂತೆ ನನ್ನಂಥ ಪರದೇಶದ ಪ್ರಜೆ ಒಂದು ಡಾಲರನ್ನೂ ಕೊಡುವಂತಿಲ್ಲ. ಅಧ್ಯಕ್ಷರ ಚುನಾವಣೆಗಿರುವ ಆ ನಿಷೇಧ ರಾಜ್ಯದ ಚುನಾವಣೆಗೂ ಊರಿನ ಚುನಾವಣೆಗೂ ಉಂಟು. ಆದ್ದರಿಂದ ಕಾಸಿನ ಬದಲು ಈ ಕಾಗದ. ನೀನು ಕಳುಹಿಸಿದ ಕರಪತ್ರದ ಕರಡನ್ನೂ ಕೆಂಪು ಶಾಯಿಯಲ್ಲಿ ತಿದ್ದಿ ಜೊತೆಗಿಟ್ಟಿದ್ದೇನೆ. ಬೇಸರಪಡಬೇಡ, ಇದು ಮೇಷ್ಟರ ಕೈ.

ಮೊದಲು ಕರಪತ್ರದ ವಿಚಾರ. ಒಟ್ಟು ಎಂಟು ಭರವಸೆಗಳು. ತೆರಿಗೆ ಇಳಿಕೆ, ಗಡಿ ಭದ್ರತೆ, ಸಣ್ಣ ಸರ್ಕಾರ, ಬಂದೂಕಿನ ಹಕ್ಕು, ಪೋಷಕರ ಹಕ್ಕು, ಹೀಗೆ. ನಿನ್ನ ಹೆಸರನ್ನು ಅಳಿಸಿ ನಿನ್ನ ಎದುರಾಳಿಯ ಹೆಸರನ್ನು ಹಾಕಿದರೆ ಒಂದಕ್ಷರವನ್ನೂ ಬದಲಿಸಬೇಕಾಗಿಲ್ಲ. ಹೆಂಡತಿ, ಮಕ್ಕಳು, ನಾಯಿ ಎಲ್ಲರೂ ನಗುತ್ತಿರುವ ಚಿತ್ರ ಚೆನ್ನಾಗಿದೆ. ನಾಯಿ ಮಾತ್ರ ಕ್ಯಾಮೆರಾ ನೋಡದೆ ಬೇರೆಲ್ಲೋ ನೋಡುತ್ತಿದೆ. ಇಡೀ ಹಾಳೆಯಲ್ಲಿ ಕಲಿಸಿಕೊಟ್ಟಂತೆ ಕಾಣದ ಜೀವ ಅದೊಂದೇ. ಅದನ್ನು ಇಟ್ಟುಕೋ.

ಆ ಹಾಳೆಯಲ್ಲಿ ‘ಕನ್ಸರ್ವೇಟಿವ್’ ಎಂಬ ಪದ ಏಳು ಸಲ ಬಂದಿದೆ, ಎಣಿಸಿದೆ. ನಮ್ಮ ಪತ್ರಿಕೆಗಳು ಅದನ್ನು ‘ಸಂಪ್ರದಾಯವಾದಿ’ ಎಂದು ಬರೆದು ಕೈತೊಳೆದುಕೊಳ್ಳುತ್ತವೆ. ಆ ಪದ ಓದಿದಾಗಲೆಲ್ಲ ಒದ್ದೆ ಪಂಚೆ ಉಟ್ಟು ಮಡಿಯಲ್ಲಿ ನಿಂತಿರುವ ನಮ್ಮ ದೊಡ್ಡಪ್ಪನೇ ನನ್ನ ಕಣ್ಣ ಮುಂದೆ ಬರುತ್ತಾನೆ. ನಿನಗೂ ಮಡಿಗೂ ಎಂಥ ಸಂಬಂಧ ಎಂಬುದು ಹಾಸ್ಟೆಲ್ಲಿನ ಗೋಡೆಗಳಿಗೇ ಗೊತ್ತು. ಮೂಲದಲ್ಲಿ ಆ ಪದದ ಅರ್ಥ ಉಳಿಸು, ಕಾಪಾಡು ಎಂದು. ನಾನು ನಿನ್ನ ಪಕ್ಷದವನಲ್ಲ, ನಿನ್ನ ಎಂಟರಲ್ಲಿ ಐದನ್ನು ಒಪ್ಪುವವನೂ ಅಲ್ಲ. ಆದರೆ ಉಳಿಸುತ್ತೇನೆ ಎಂದು ಹೊರಟವನನ್ನು ಏನನ್ನು ಉಳಿಸುತ್ತೀಯಪ್ಪಾ ಎಂದು ಕೇಳುವ ಹಕ್ಕು ಯಾರಿಗಾದರೂ ಇದೆ. ನಿನ್ನ ಕರಪತ್ರದಲ್ಲಿ ಅದಕ್ಕೆ ಉತ್ತರ ಇಲ್ಲ.

ನೀನು ಹೇಳಿದ ಆ ಅಜ್ಜಿಯ ಪ್ರಸಂಗವನ್ನೇ ತೆಗೆದುಕೋ. ಮೊದಲ ಶನಿವಾರ ನಲವತ್ತೊಂದು ಮನೆಯ ಬಾಗಿಲು ತಟ್ಟಿದೆ, ತೆರೆದದ್ದು ಹನ್ನೊಂದು. ಅದರಲ್ಲಿ ಒಬ್ಬ ಅಜ್ಜಿ, ಎಪ್ಪತ್ತು ದಾಟಿದವರು, ಸೊಳ್ಳೆಪರದೆಯ ಬಾಗಿಲನ್ನು ಅರ್ಧ ಮಾತ್ರ ತೆರೆದು, “ನನ್ನ ಮನೆಯ ಶಾಲಾ ತೆರಿಗೆ ಇಳಿಸುತ್ತೀಯಾ?” ಎಂದು ಕೇಳಿದರು. ನೀನು ಎದೆ ತಟ್ಟಿಕೊಂಡು “ಖಂಡಿತ” ಎಂದೆ. ಅವರು ಏನೂ ಹೇಳದೆ ಬಾಗಿಲು ಹಾಕಿಕೊಂಡರು. ಏಕೆಂದು ಗೊತ್ತೇ? ನಿಮ್ಮ ರಾಜ್ಯದಲ್ಲಿ ಆದಾಯ ತೆರಿಗೆ ಇಲ್ಲ, ಜನರ ಬೆನ್ನು ಮುರಿಯುವುದು ಮನೆ ತೆರಿಗೆ. ಅದರಲ್ಲಿ ದೊಡ್ಡ ಪಾಲು ಶಾಲೆಗಳಿಗೆ ಹೋಗುತ್ತದೆ. ಆದರೆ 65 ವರ್ಷ ತುಂಬಿದವರು ಅರ್ಜಿ ಕೊಟ್ಟು ವಿನಾಯಿತಿ ಪಡೆದರೆ, ಅವರು ವಾಸವಿರುವ ಮನೆಯ ಶಾಲಾ ತೆರಿಗೆಗೆ ಆ ವರ್ಷದ ಮೊತ್ತವೇ ಮಿತಿ. ಮನೆಯನ್ನು ವಿಸ್ತರಿಸದ ಹೊರತು ಅದು ಮೇಲೇರುವಂತಿಲ್ಲ. ಆ ಅಜ್ಜಿಗೆ ಇದು ಚೆನ್ನಾಗಿ ಗೊತ್ತಿತ್ತು ಎಂದೇ ನನ್ನ ಊಹೆ. ಅವರು ನಿನ್ನನ್ನು ಪರೀಕ್ಷಿಸಿದರು, ನೀನು ಫೇಲಾದೆ.

ಮನೆ ತೆರಿಗೆಯನ್ನು ವಸೂಲು ಮಾಡುವುದು ಊರಿನ ಶಾಲೆಗಳನ್ನು ನಡೆಸುವ ಶಾಲಾ ಜಿಲ್ಲೆ, ಕೌಂಟಿ, ನಗರ. ನೀನು ಹೋಗಲಿರುವ ಸಭೆ ಅಲ್ಲ. ಆ ಸಭೆ ಮಾಡಬಹುದಾದದ್ದು ಬೇರೆ. ರಾಜ್ಯದ ಬೊಕ್ಕಸದಿಂದ ಶಾಲೆಗಳಿಗೆ ಹೆಚ್ಚು ಹಣ ಕೊಟ್ಟು ಸ್ಥಳೀಯ ದರ ಇಳಿಯುವಂತೆ ಮಾಡಬಹುದು, ವಾಸದ ಮನೆಗೆ ಇರುವ ವಿನಾಯಿತಿಯನ್ನು, ಅಂದರೆ ಮನೆಯ ಬೆಲೆಯಲ್ಲಿ ಶಾಲಾ ತೆರಿಗೆ ಬೀಳದ ಭಾಗವನ್ನು, ಏರಿಸಲು ಮತದಾರರ ಮುಂದೆ ತಿದ್ದುಪಡಿ ಇಡಬಹುದು. 2023ರಲ್ಲಿ ಆ ವಿನಾಯಿತಿ 40 ಸಾವಿರ ಡಾಲರಿನಿಂದ 1 ಲಕ್ಷಕ್ಕೆ ಏರಿತು, 2025ರಲ್ಲಿ 1 ಲಕ್ಷ 40 ಸಾವಿರಕ್ಕೆ. ಇದನ್ನು ಬಾಗಿಲಲ್ಲಿ ನಿಂತು ಒಂದು ನಿಮಿಷದಲ್ಲಿ ಹೇಳಲು ಕಲಿ. “ಖಂಡಿತ” ಎನ್ನುವುದಕ್ಕಿಂತ ಉದ್ದ ಹೌದು, ಆದರೆ ಅಜ್ಜಿ ಬಾಗಿಲನ್ನು ಇನ್ನೊಂದು ಗೇಣು ತೆರೆದಾರು.

ಇನ್ನು ಆ ಪ್ರತಿಜ್ಞಾಪತ್ರದ ವಿಚಾರ. ಅದಕ್ಕಾಗಿಯೇ ಈ ಪತ್ರ ಬರೆಯಲು ಕೂತದ್ದು ಎಂದರೂ ತಪ್ಪಿಲ್ಲ. ಯಾರೋ ಧನಿಕರು ನಿನ್ನ ಪ್ರಚಾರದ ಅಂಚೆ ವೆಚ್ಚವನ್ನೆಲ್ಲ ನೋಡಿಕೊಳ್ಳುತ್ತಾರಂತೆ, ಬದಲಿಗೆ ಸಭೆಯಲ್ಲಿ ಅವರು ಹೇಳಿದಂತೆ ಕೈ ಎತ್ತುತ್ತೇನೆ ಎಂಬ ಹಾಳೆಗೆ ನೀನು ಸಹಿ ಹಾಕಬೇಕಂತೆ. ಟೆಕ್ಸಾಸ್‌ನಲ್ಲಿ ಶಾಸಕ ಸ್ಥಾನದ ಉಮೇದುವಾರನಿಗೆ ಒಬ್ಬ ವ್ಯಕ್ತಿ ಎಷ್ಟು ಬೇಕಾದರೂ ಕೊಡಬಹುದು, ಮಿತಿಯೇ ಇಲ್ಲ ಎಂದು ಓದಿ ನಾನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಹಾಗಾಗಿ ಅವರು ಕೊಡುವುದರಲ್ಲಿ ಅಕ್ರಮವೇನಿಲ್ಲ. ಸಹಿ ಹಾಕಿದ ಮೇಲೆ ನಿನ್ನ ತಲೆ ಯಾರದು ಎಂಬುದಷ್ಟೇ ಪ್ರಶ್ನೆ.

ನಿನ್ನದೇ ಪಕ್ಷದ ಇತ್ತೀಚಿನ ಚರಿತ್ರೆಯನ್ನು ನೋಡು. 2023ರ ನವೆಂಬರಿನಲ್ಲಿ, ಖಾಸಗಿ ಶಾಲೆಯ ಶುಲ್ಕಕ್ಕೆ ಸರ್ಕಾರದ ಹಣ ಕೊಡುವ ಪ್ರಸ್ತಾವ ನಿಮ್ಮ ಕೆಳಮನೆಗೆ ಬಂತು. ಅದನ್ನು ಮಸೂದೆಯಿಂದ ಕಿತ್ತುಹಾಕಲು 84 ಮತ, ಉಳಿಸಿಕೊಳ್ಳಲು 63. ಕಿತ್ತುಹಾಕಿದವರಲ್ಲಿ 21 ಜನ ರಿಪಬ್ಲಿಕನ್ನರು. ಅವರಲ್ಲಿ ಹಲವರು ಹಳ್ಳಿಗಾಡಿನ ಕ್ಷೇತ್ರಗಳಿಂದ ಬಂದವರು. ಅಂಥ ಊರುಗಳಲ್ಲಿ ಸರ್ಕಾರಿ ಶಾಲೆಯೇ ಇರುವ ಒಂದೇ ಶಾಲೆ, ಬಹಳ ಕಡೆ ಹೆಚ್ಚು ಜನರಿಗೆ ಕೆಲಸ ಕೊಟ್ಟಿರುವುದೂ ಅದೇ. ತಾವು ಊರನ್ನು ಉಳಿಸುತ್ತಿದ್ದೇವೆ ಎಂದರು ಅವರು. ಮಗು ಎಲ್ಲಿ ಕಲಿಯಬೇಕೆಂದು ತೀರ್ಮಾನಿಸುವ ಕುಟುಂಬದ ಅಧಿಕಾರವನ್ನು ಉಳಿಸುತ್ತಿದ್ದೇವೆ ಎಂದರು ಇತ್ತ ಕಡೆಯವರು. ಇಬ್ಬರೂ ತಮ್ಮನ್ನು ಕನ್ಸರ್ವೇಟಿವ್ ಎಂದೇ ಕರೆದುಕೊಂಡರು, ಮತ್ತು ನನಗೆ ಕಂಡಂತೆ ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಮರುವರ್ಷ ಪ್ರಾಥಮಿಕ ಚುನಾವಣೆಯಲ್ಲಿ ಗವರ್ನರ್ ಗ್ರೆಗ್ ಅಬಾಟ್ ಆ ಶಾಸಕರ ವಿರುದ್ಧವೇ ಪ್ರಚಾರಕ್ಕೆ ಇಳಿದರು, ಹಲವರು ಮನೆಗೆ ಹೋದರು. 2025ರಲ್ಲಿ ಅದೇ ಯೋಜನೆ ನೂರು ಕೋಟಿ ಡಾಲರ್ ಹಣದೊಂದಿಗೆ ಕಾನೂನಾಯಿತು. ಆಗ ಕೆಳಮನೆಯಲ್ಲಿ ವಿರೋಧಿಸಿದ ರಿಪಬ್ಲಿಕನ್ನರು ಇಬ್ಬರೇ. ಇಪ್ಪತ್ತೊಂದು ಹೋಗಿ ಎರಡು.

ಆ ಇಬ್ಬರಲ್ಲಿ ಒಬ್ಬರು ಸಭಾಧ್ಯಕ್ಷರಾಗಿದ್ದ ಡೇಡ್ ಫೀಲನ್. 2024ರಲ್ಲಿ ಸ್ವಂತ ಪಕ್ಷದ ಪ್ರತಿಸ್ಪರ್ಧಿಯ ಎದುರು ಅವರು ಎರಡನೇ ಸುತ್ತಿನಲ್ಲಿ ಉಳಿದುಕೊಂಡದ್ದು ಕೂದಲೆಳೆಯಲ್ಲಿ. ಸುಮಾರು 25 ಸಾವಿರ ಮತ ಬಿದ್ದು, ಗೆಲುವಿನ ಅಂತರ ನಾನೂರಕ್ಕೂ ಕಡಿಮೆ. ಯೋಚಿಸು. ಒಂದೊಂದು ಕ್ಷೇತ್ರದಲ್ಲಿ ಸರಾಸರಿ 1 ಲಕ್ಷ 94 ಸಾವಿರ ಜನ. ಮಾರ್ಚ್ ತಿಂಗಳ ಮೊದಲ ಮಂಗಳವಾರ ಅವರಲ್ಲಿ ಎಷ್ಟು ಜನ ಬಂದಾರು? ನಾನು ನಾಲ್ಕು ಸಲ ಮತಗಟ್ಟೆ ಅಧಿಕಾರಿಯಾಗಿ ಕೂತವನು. ಮಧ್ಯಾಹ್ನ ಮೂರು ಗಂಟೆಗೆ ಖಾಲಿ ಕೋಣೆಯಲ್ಲಿ ಶಾಯಿ ಸೀಸೆಯ ಮುಚ್ಚಳ ತಿರುಗಿಸುತ್ತ ಕೂತಾಗ, ಬಾರದವರ ಸಂಖ್ಯೆ ಎಷ್ಟು ದೊಡ್ಡದು ಎಂಬುದು ಗೊತ್ತಾಗುತ್ತದೆ. ನಮ್ಮ ಸಂತೇಮರಹಳ್ಳಿಯಲ್ಲಿ 2004ರಲ್ಲಿ ಗೆಲುವು ಒಂದೇ ಮತದ್ದು, ಅದು ನಿನಗೆ ಗೊತ್ತು. ವರ್ಜೀನಿಯಾದಲ್ಲಿ 2017ರ ಶಾಸನಸಭೆ ಚುನಾವಣೆಯಲ್ಲಿ ಒಂದು ಕ್ಷೇತ್ರದ ಇಬ್ಬರಿಗೂ ತಲಾ 11,608 ಮತ ಬಂದು, ಹೆಸರು ಬರೆದ ಚೀಟಿಗಳನ್ನು ಹಳೆಯ ಫಿಲಂ ಡಬ್ಬಿಗಳಲ್ಲಿ ಹಾಕಿ, ಪಿಂಗಾಣಿ ಬಟ್ಟಲಿನಿಂದ ಎತ್ತಿದರಂತೆ. ಆ ಒಂದು ಚೀಟಿಯಿಂದ ನಿನ್ನ ಪಕ್ಷಕ್ಕೆ ಅಲ್ಲಿನ ಸಭೆಯಲ್ಲಿ 51–49ರ ಬಹುಮತ ಸಿಕ್ಕಿತು.

ಕೆಲಸದ ವಿಚಾರ ಚುಟುಕಾಗಿ. ಶಾಸಕನ ಸಂಬಳ ತಿಂಗಳಿಗೆ 600 ಡಾಲರ್. ಎರಡು ವರ್ಷಕ್ಕೊಮ್ಮೆ 140 ದಿನದ ಅಧಿವೇಶನ, ಅಷ್ಟೇ ಎಂದು ನೀನು ಮನೆಯವರನ್ನು ಒಪ್ಪಿಸಿದ್ದೀಯಂತೆ. ಗವರ್ನರ್ ಕರೆದಾಗಲೆಲ್ಲ ವಿಶೇಷ ಅಧಿವೇಶನಕ್ಕೂ ಹೋಗಬೇಕು, 2023ರಲ್ಲಿ ಅಂಥವು ನಾಲ್ಕು ನಡೆದವು. ಇದನ್ನೂ ಮನೆಯಲ್ಲಿ ಹೇಳು. ಕಂಪನಿಯಲ್ಲಿ ರಜೆ ಕೇಳಿದ್ದೀಯಾ?

ನಿನ್ನ ಹೆಸರಿನ ಬಗ್ಗೆ ನೀನು ಚಿಂತೆಪಟ್ಟದ್ದು ನನಗೆ ನೋವಾಯಿತು. ಅವರ ಬಾಯಿಗೆ ಸುಲಭವಾಗುವಂತೆ ಮೊಟಕು ಮಾಡಲೇ ಎಂದು ಕೇಳಿದೆ. ಅದು ನಿನ್ನ ತೀರ್ಮಾನ. ಆದರೆ 2004ರಲ್ಲಿ ಸೌತ್ ಕ್ಯಾರೊಲಿನಾದಲ್ಲಿ ಭಾರತ ಮೂಲದ ನಿಕ್ಕಿ ಹ್ಯಾಲೆ ಶಾಸನಸಭೆಗೆ ಮೊದಲ ಸಲ ನಿಂತಾಗ ಎದುರಿಗಿದ್ದವರು ಸುಮಾರು ಮೂವತ್ತು ವರ್ಷ ಶಾಸಕರಾಗಿದ್ದವರು. ಆಕೆಯ ಮೂಲವನ್ನು ಕೆದಕಿ ಅಪಪ್ರಚಾರವೂ ನಡೆಯಿತು. ಮೊದಲ ಸುತ್ತಿನಲ್ಲಿ ಎರಡನೆಯವರಾಗಿ, ಮರುಸುತ್ತಿನಲ್ಲಿ ಗೆದ್ದರು. ನಿಮ್ಮಲ್ಲೂ ಅರ್ಧಕ್ಕಿಂತ ಹೆಚ್ಚು ಮತ ಯಾರಿಗೂ ಬಾರದಿದ್ದರೆ ಮೇ ತಿಂಗಳಲ್ಲಿ ಮರುಸುತ್ತು ಇದೆಯಲ್ಲ, ಮಾರ್ಚ್‌ನಲ್ಲೇ ಕೈಯಲ್ಲಿರುವುದನ್ನೆಲ್ಲ ಖರ್ಚು ಮಾಡಿ ಕೂರಬೇಡ.

ಮತ್ತೆ ಕರಪತ್ರಕ್ಕೆ ಬರುತ್ತೇನೆ. ಹಿಂದಿನ ವರ್ಷ ನಿನ್ನಲ್ಲಿಗೆ ಬಂದಾಗ ಒಂದು ಶುಕ್ರವಾರ ರಾತ್ರಿ ನಿನ್ನ ಮಗಳ ಶಾಲೆಯ ಫುಟ್‌ಬಾಲ್ ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದೆ. ಆಟ ನನಗೆ ಒಂದಿಷ್ಟೂ ಅರ್ಥವಾಗಲಿಲ್ಲ. ಮಧ್ಯಂತರದಲ್ಲಿ ಬ್ಯಾಂಡ್ ಮೈದಾನಕ್ಕೆ ಇಳಿಯಿತು. ನಿನ್ನ ಮಗಳು ಅಳತೆಗೆ ದೊಡ್ಡದಾದ ಟೋಪಿ ಹಾಕಿಕೊಂಡು ಕ್ಲಾರಿನೆಟ್ ಊದುತ್ತಿದ್ದಳು, ಟೋಪಿ ಪದೇ ಪದೇ ಕಣ್ಣಿಗೆ ಬೀಳುತ್ತಿತ್ತು. ನಮ್ಮ ಮುಂದಿನ ಸಾಲಿನಲ್ಲಿ ಹತ್ತಿ ಬೆಳೆಯುತ್ತಿದ್ದ ಮುದುಕರೊಬ್ಬರು, ಅವರ ಪಕ್ಕದಲ್ಲಿ ನಿನ್ನ ಬೀದಿಯ ಅಂಚೆಯಾಕೆ, ಆಚೆಗೆ ವಿಯೆಟ್ನಾಂ ಮೂಲದ ಕುಟುಂಬ. ಎಲ್ಲರೂ ಎದ್ದು ನಿಂತಿದ್ದರು. ನೀನು ಕಣ್ಣೊರೆಸಿಕೊಂಡು ಕನ್ನಡದಲ್ಲಿ ಒಂದು ಮಾತು ಹೇಳಿದೆ: “ಇದೊಂದು ಹೀಗೇ ಇರಬೇಕು ಮಾರಾಯ, ನಾವು ಇಲ್ಲಿಗೆ ಬಂದ ಮೇಲೂ.”

ನಿನ್ನ ಎಂಟು ಭರವಸೆಗಳನ್ನು ನಾನು ಹೊಡೆದುಹಾಕಿಲ್ಲ, ಕೆಳಕ್ಕೆ ಇಳಿಸಿದ್ದೇನೆ. ಮೇಲೆ ಖಾಲಿಯಾದ ಜಾಗದಲ್ಲಿ ಈ ಮಾತನ್ನು ಬರೆದಿದ್ದೇನೆ. ಆ ಮೈದಾನ ಉಳಿಯಬೇಕಾದರೆ ಶಾಲೆಯ ಹಣದ ಪ್ರಶ್ನೆಯಲ್ಲಿ ಯಾವ ಕಡೆಗೆ ಕೈ ಎತ್ತಬೇಕೆಂದು ನಾನು ಹೇಳುವುದಿಲ್ಲ. ಆ ಧನಿಕರ ಹಾಳೆಗೆ ಸಹಿ ಹಾಕುವ ಮೊದಲು ಒಂದು ಶುಕ್ರವಾರ ಹೋಗಿ ಅಲ್ಲೇ ಕೂತು ಯೋಚಿಸು. ಆ ಮಾತನ್ನು ಇಂಗ್ಲಿಷಿಗೆ ನೀನೇ ಮಾಡಿಕೋ, ನಾನು ಎರಡು ಸಲ ಯತ್ನಿಸಿ ಕೈಬಿಟ್ಟೆ.

ಇಂತಿ ನಿನ್ನ,
ರೂಮಿನ ಗೆಳೆಯ

ಮರೆತಿದ್ದೆ: ಮತಗಟ್ಟೆಯ ಬಾಗಿಲಿನಿಂದ 100 ಅಡಿಯೊಳಗೆ ಪ್ರಚಾರ ಮಾಡುವಂತಿಲ್ಲ ಎಂಬುದು ನಿಮ್ಮಲ್ಲಿನ ನಿಯಮ, ನಮ್ಮಲ್ಲಿ 100 ಮೀಟರ್. ನಿನ್ನ ಹೆಸರು ಬರೆದ ಆ ಕೆಂಪು ಅಂಗಿಯನ್ನು ಹಾಕಿಕೊಂಡು ಮತ ಹಾಕಲು ಹೋಗಬೇಡ. ನನ್ನಂಥ ಅಧಿಕಾರಿ ಒಳಗಿದ್ದರೆ ಹಿಂದಕ್ಕೆ ಕಳುಹಿಸುತ್ತಾನೆ.