ಈ ಗೌರಿ ಹುಣ್ಣಿಮೆಯಿಂದ ಬಿಳಿ ಸಕ್ಕರೆ ಆರತಿ ಮಾತ್ರ: ಗ್ರಾಹಕರಲ್ಲಿ ಅರಿಕೆ

ಮಾನ್ಯ ಗ್ರಾಹಕ ಬಂಧುಗಳಿಗೆ ನಮಸ್ಕಾರಗಳು.

ಈ ವರ್ಷದ ಗೌರಿ ಹುಣ್ಣಿಮೆಯಿಂದ ನಮ್ಮಲ್ಲಿ ಗುಲಾಬಿ, ಹಳದಿ, ಹಸಿರು ಬಣ್ಣದ ಸಕ್ಕರೆ ಆರತಿಗಳು, ಅಂದರೆ ಸಕ್ಕರೆ ಪಾಕವನ್ನು ಅಚ್ಚಿಗೆ ಎರೆದು ಮಾಡುವ ಆರತಿಯ ಗೊಂಬೆಗಳು, ಸಿಗುವುದಿಲ್ಲ. ಆನೆ, ಒಂಟೆ, ಬಸವಣ್ಣ, ತೇರು, ತುಳಸಿಕಟ್ಟೆ ಎಲ್ಲವೂ ಬಿಳಿಯವೇ ಇರುತ್ತವೆ. ದರವೂ ಕಿಲೋಗೆ 180 ರೂಪಾಯಿಯಿಂದ 220ಕ್ಕೆ ಏರಿದೆ. ಹಿಂದಿನ ಶೀಗಿ ಹುಣ್ಣಿಮೆಯೂ ಮುಗಿದ ಮೇಲೆ, ಇಷ್ಟು ತಡವಾಗಿ ಇದನ್ನು ತಿಳಿಸುತ್ತಿರುವುದಕ್ಕೆ, ಮುಖ್ಯವಾಗಿ ಬಣ್ಣದವು ಬೇಕೆಂದು ಆಗಲೇ ಮುಂಗಡ ಕೊಟ್ಟಿರುವವರಲ್ಲಿ, ಕ್ಷಮೆ ಕೋರುತ್ತೇವೆ. ಬೇಡವೆಂದವರ ಹಣವನ್ನು ಪೂರ್ತಿಯಾಗಿ ಮರಳಿಸುತ್ತೇವೆ.

2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದಂದಿನಿಂದ, ನಮ್ಮ ಗುಲಾಬಿ ಗಿಳಿಯನ್ನು ತಿರುಗಿಸಿ ತಿರುಗಿಸಿ ನೋಡಿ ಕೆಳಗಿಡುವವರು ಹೆಚ್ಚಾದರು. ಆಗ ಸುದ್ದಿಯಾದ, ಬಟ್ಟೆಗೆ ಹಾಕುವ ರೋಡಮೈನ್-ಬಿ ಎಂಬ ಬಣ್ಣ ನಮ್ಮ ಒಲೆಯ ಹತ್ತಿರ ಎಂದೂ ಸುಳಿದಿಲ್ಲ. ಅನುಮತಿಯಿರುವ ಬಣ್ಣದ ಪೊಟ್ಟಣಗಳನ್ನೇ ತಂದಿದ್ದೇವೆ. ಆದರೆ ಆ ಬಣ್ಣಕ್ಕೂ ಕಿಲೋಗೆ 100 ಮಿಲಿಗ್ರಾಂ ಎಂಬ ಮಿತಿಯಿದೆ, ಮತ್ತು ಕುದಿಯುವ ಪಾಕದ ಮುಂದೆ ನಿಂತು ನಾವು ಅದನ್ನು ಚಿಟಿಕೆಯ ಲೆಕ್ಕದಲ್ಲೇ ಹಾಕುತ್ತ ಬಂದಿದ್ದೇವೆ ಎಂಬುದನ್ನು ಒಪ್ಪಿಕೊಳ್ಳಬೇಕು. ಆರತಿ ಮುಗಿಯುವುದನ್ನೇ ಕಾದು ಮಕ್ಕಳು ಆನೆಯ ಸೊಂಡಿಲಿನಿಂದ ತಿನ್ನಲು ಶುರುಮಾಡುವ ಪದಾರ್ಥದಲ್ಲಿ ಇಂಥ ಅಂದಾಜು ಬೇಡವೆಂದು ತೀರ್ಮಾನಿಸಿದೆವು.

ಅಂಗಡಿಯ ಮುಂದೆ ಫಲಕ ಹಾಕಿದಂದಿನಿಂದ ದಿನವೂ ಕೇಳುತ್ತಿರುವ ಮಾತು ಒಂದೇ: “ಬಣ್ಣ ತೆಗೆದ ಮೇಲೆ ಖರ್ಚು ಇಳಿಯಬೇಕಿತ್ತಲ್ಲ? ಉಳಿದದ್ದು ಬರೀ ಸಕ್ಕರೆ, ಅದಕ್ಕೆ ಇಷ್ಟು ದರವೇ?”

ಬಣ್ಣಕ್ಕೆ ತಗಲುತ್ತಿದ್ದುದು ಕೆಲವೇ ಪೈಸೆ. ಅದು ಉಳಿಸಿಕೊಡುತ್ತಿದ್ದುದು ಬಹಳ. ಅಚ್ಚು ಬಿಚ್ಚುವಾಗ ಒಂಟೆಯ ಕತ್ತು, ಕುದುರೆಯ ಕಾಲು ಮುರಿಯುವುದು ಎಷ್ಟು ಪಳಗಿದ ಕೈಗೂ ತಪ್ಪಿದ್ದಲ್ಲ. ಮುರಿದವುಗಳನ್ನು ಮತ್ತೆ ಕರಗಿಸಿದರೆ ಪಾಕ ಹಳದಿಗೆ ತಿರುಗುತ್ತದೆ. ನಿಂಬೆರಸ ಮೊದಲೇ ಸೇರಿರುವುದರಿಂದ ಎರಡನೆಯ ಕುದಿಯಲ್ಲಿ ಅದು ಸರಿಯಾಗಿ ಗಟ್ಟಿಯಾಗುವುದೂ ಇಲ್ಲ. ಇಷ್ಟು ವರ್ಷ ಅಂಥ ಪಾಕವನ್ನು ಸ್ವಲ್ಪ ಸ್ವಲ್ಪವಾಗಿ ಹೊಸ ಪಾಕಕ್ಕೆ ಬೆರೆಸಿ, ಬಣ್ಣ ಹಾಕಿ ಎರೆಯುತ್ತಿದ್ದೆವು. ಅದರಲ್ಲಿ ಕಲಬೆರಕೆಯೇನೂ ಇರಲಿಲ್ಲ, ಎಲ್ಲವೂ ನಮ್ಮದೇ ಸಕ್ಕರೆ. ಆದರೂ ಕೇಳಿದವರಿಗೆ ಮುಚ್ಚಿಡುವ ಮನಸ್ಸಿಲ್ಲ. ಬಿಳಿಯಲ್ಲಿ ಈ ದಾರಿಯಿಲ್ಲ. ಪ್ರತಿ ಸಲವೂ ಹೊಸ ಸಕ್ಕರೆಯನ್ನೇ ಕುದಿಸಬೇಕು, ಹಾಲು ಹಾಕಿ ಕಲ್ಮಶ ತೆಗೆಯುವುದನ್ನು ಒಮ್ಮೆಯ ಬದಲು ಎರಡು ಸಲ ಮಾಡಬೇಕು, ಬಟ್ಟೆಯಲ್ಲಿ ಸೋಸಬೇಕು. ನಾವು ಎಣಿಸದೇ ಇದ್ದ ಇನ್ನೊಂದು ಖರ್ಚೆಂದರೆ, ಬಣ್ಣ ಕುಡಿದ ಹಳೆಯ ಸಾಗವಾನಿ ಅಚ್ಚುಗಳನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿದರೂ ಬಸವಣ್ಣನ ಬೆನ್ನು ನಸುಗುಲಾಬಿಯಾಗಿಯೇ ಬಂತು. ಬಡಿಗೇರರ ಹತ್ತಿರ ಹೊಸ ಅಚ್ಚು ಕೆತ್ತಿಸಲೇಬೇಕಾಯಿತು.

ಪಕ್ಕದ ಓಣಿಯ ದರವನ್ನು ನಮ್ಮ ಮುಂದಿಡುವವರು ಅಲ್ಲಿಯ ಒಲೆಗೆ ಯಾವ ಸಿಲಿಂಡರ್ ಜೋಡಿಸಿದೆ ಎಂಬುದನ್ನೂ ನೋಡಿ ಬರಬೇಕೆಂದು ಕೋರುತ್ತೇವೆ. ನಮ್ಮದು 19 ಕಿಲೋದ ವಾಣಿಜ್ಯ ಸಿಲಿಂಡರ್. ಮನೆಬಳಕೆಯ 14.2 ಕಿಲೋದ್ದನ್ನು ಇಟ್ಟು ವ್ಯಾಪಾರ ಮಾಡುವುದು ಕಾನೂನಿಗೆ ವಿರುದ್ಧ, ಮತ್ತು ಆ ಉಳಿತಾಯ ನಮಗೆ ಬೇಕಾಗಿಲ್ಲ.

ಸೊಸೆಯಾಗಿ ಬರುವ ಹುಡುಗಿಗೆ ಹೂವಿನ ದಂಡಿಯ ಜೊತೆ ಆರತಿ ಒಯ್ಯುವ ತಾಯಂದಿರು, ಬೀಗರ ಮುಂದೆ ಬರೀ ಬಿಳಿ ಹರಿವಾಣ ಸಪ್ಪೆಯಾಗಿ ಕಾಣುತ್ತದೆ ಎಂದು ಹೇಳಿದ್ದು ನಮಗೆ ನಾಟಿದೆ. ಅಂಥವರು ಎಂಟು ದಿನ ಮೊದಲು ತಿಳಿಸಿದರೆ ಹರಿವಾಣಕ್ಕೆ ಬಣ್ಣದ ಕಾಗದ ಹಾಸಿ, ತೇರಿಗೆ ಬಾವುಟ ಸಿಕ್ಕಿಸಿ, ನಾವೇ ಜೋಡಿಸಿ ಕೊಡುತ್ತೇವೆ. ಅದಕ್ಕೆ ಬೇರೆ ಹಣವಿಲ್ಲ. ದಾರಿಯಲ್ಲಿ ಯಾವುದಾದರೂ ಗೊಂಬೆ ಮುರಿದರೆ ಹುಣ್ಣಿಮೆಯ ಸಂಜೆಯೊಳಗೆ ತನ್ನಿ, ಪ್ರಶ್ನೆ ಕೇಳದೆ ಬದಲಿಸುತ್ತೇವೆ. ನಮ್ಮಲ್ಲೇ ಮುರಿದ ತುಂಡುಗಳನ್ನು ಈಗ ಡಬ್ಬಿಯಲ್ಲಿ ಹಾಕಿ ಅಂಗಡಿಯ ಮುಂದೆಯೇ ಇಟ್ಟಿದ್ದೇವೆ. ಚಹಾಕ್ಕೆ ಬೇಕಾದವರಿಗೆ ಅವನ್ನು ಸಕ್ಕರೆಯ ದರಕ್ಕೇ ಕೊಡಲಾಗುವುದು.

ಇಂತು ನಿಮ್ಮ ವಿಶ್ವಾಸಿಗಳು,
ಒಲೆಯ ಮುಂದಿರುವ ನಾವೆಲ್ಲರೂ